ವಿಮಾನ ನಿಲ್ದಾಣ ದೊಡ್ಡದು ಮಾಡುವುದು ಹೇಗೆ: ಟರ್ಮಿನಲ್‌ನಿಂದ ಮಾತ್ರ ಶುರು ಮಾಡಬೇಡಿ

ಒಂದು ಸಣ್ಣ ಪ್ರಾದೇಶಿಕ ವಿಮಾನ ನಿಲ್ದಾಣವನ್ನು ಅಂತಾರಾಷ್ಟ್ರೀಯ ನಿಲ್ದಾಣವಾಗಿ ಬೆಳೆಸಬೇಕು ಅಂತ ಮಾತು ಶುರುವಾದ ಕೂಡಲೇ ಮೇಜಿನ ಮೇಲೆ ಮೊದಲು ಬರುವುದು ಟರ್ಮಿನಲ್ ಚಿತ್ರ. ಗಾಜಿನ ಗೋಡೆ, ಅಲೆಯಂಥ ಚಾವಣಿ, ಮುಂದೆ ಸಾಲಾಗಿ ಮರ. ಆಕಾಶವಂತೂ ಯಾವಾಗಲೂ ನೀಲಿ. ಆ ಚಿತ್ರವನ್ನು ಮಡಚಿ ಪಕ್ಕಕ್ಕಿಡಿ. ಇಡೀ ಕೆಲಸದಲ್ಲಿ ಟರ್ಮಿನಲ್ಲೇ ಸುಲಭದ ಭಾಗ, ದುಡ್ಡಿದ್ದರೆ ಯಾರು ಬೇಕಾದರೂ ಕಟ್ಟಬಹುದು. ಕಷ್ಟ ಇರುವುದು ರನ್‌ವೇಯ ಎರಡು ತುದಿಗಳಲ್ಲಿ, ಅದರಾಚೆಯ ಜಮೀನಿನಲ್ಲಿ, ಎರಡು ದೇಶಗಳ ನಡುವಿನ ಕಾಗದಪತ್ರದಲ್ಲಿ, ಮತ್ತು ವಿಮಾನ ಕಂಪನಿಯ ಲೆಕ್ಕದಲ್ಲಿ.

ಹಾಗಾಗಿ ನನ್ನ ಸಲಹೆ ಇಷ್ಟೇ. ದಾರಿ ಎಲ್ಲಿ ಕಟ್ಟಿಕೊಂಡಿದೆ, ಅಂದರೆ ಅಡ್ಡಿ ಎಲ್ಲಿದೆ, ಅಂತ ಮೊದಲು ಹುಡುಕಿ. ಅಲ್ಲಿಂದ ಶುರು ಮಾಡಿ. ಕಟ್ಟಡ ಕೊನೆಗೆ. ನೀವು ಯೋಜನಾ ತಂಡದಲ್ಲಿ ಹೊಸದಾಗಿ ಕೂತವರಾಗಿರಬಹುದು, ವರ್ತಕರ ಸಂಘದ ಪರವಾಗಿ ಸಭೆಗೆ ಹೋಗುವವರಾಗಿರಬಹುದು, ಕ್ರಮ ಮಾತ್ರ ಇದೇ.

ಮೊದಲು ಜನರನ್ನು ಎಣಿಸಿ

ಈಗ ನಿಮ್ಮ ನಿಲ್ದಾಣ ಬಳಸುತ್ತಿರುವವರನ್ನು ಎಣಿಸುವುದು ದೊಡ್ಡ ಕೆಲಸವಲ್ಲ, ಅದು ಹೇಗೂ ದಾಖಲೆಯಲ್ಲಿರುತ್ತದೆ. ಎಣಿಸಬೇಕಾದ್ದು ಬಳಸದೇ ಇರುವವರನ್ನು. ಎರಡು ಗಂಟೆಯ ರಸ್ತೆ ದೂರದೊಳಗಿದ್ದೂ ಬೇರೆ ದೊಡ್ಡ ನಿಲ್ದಾಣಕ್ಕೆ ಬಸ್ಸು, ರೈಲು ಹತ್ತಿ ಹೋಗುವವರು ಎಷ್ಟು ಜನ? ಅಲ್ಲಿಂದ ಅವರು ಯಾವ ದೇಶಕ್ಕೆ, ಯಾವ ತಿಂಗಳಲ್ಲಿ, ಯಾಕೆ ಹೋಗುತ್ತಾರೆ? ಟಿಕೆಟ್ ಬುಕಿಂಗ್ ಮಾಹಿತಿ ಮಾರುವ ಕಂಪನಿಗಳಿವೆ, ಟ್ರಾವೆಲ್ ಏಜೆಂಟರಿದ್ದಾರೆ, ಸುಮ್ನೆ ಒಂದು ವಾರ ಆ ದೊಡ್ಡ ನಿಲ್ದಾಣದಲ್ಲಿ ನಿಂತು ಸಮೀಕ್ಷೆ ಮಾಡಿದರೂ ಬೇಕಾದಷ್ಟು ಗೊತ್ತಾಗುತ್ತದೆ.

ನಂತರ ಆ ಸಂಖ್ಯೆಯನ್ನು ವಿಮಾನದ ಸೀಟಿಗೆ ಇಳಿಸಿ. 180 ಸೀಟಿನ ವಿಮಾನ ವಾರಕ್ಕೆ ನಾಲ್ಕು ಸಲ ಹೋಗಿ ಬಂದರೆ ವರ್ಷಕ್ಕೆ ಸುಮಾರು 75 ಸಾವಿರ ಸೀಟು. ಅದರಲ್ಲಿ ಶೇ 80 ತುಂಬಬೇಕು ಅಂದರೆ ಒಂದೇ ಒಂದು ಊರಿಗೆ 60 ಸಾವಿರ ಪ್ರಯಾಣಿಕರು ಬೇಕು. ಆ ಊರಿಗೆ ವರ್ಷಕ್ಕೆ ಹತ್ತು ಸಾವಿರ ಜನ ಹೋಗುತ್ತಿದ್ದರೆ ಎಂಥ ಚೆಂದದ ಕಟ್ಟಡ ಕಟ್ಟಿದರೂ ವಿಮಾನ ಬರುವುದಿಲ್ಲ. ಬಂದರೂ ನೀವು ಕಂಪನಿಗೆ ಕೊಟ್ಟ ರಿಯಾಯಿತಿ ಮುಗಿದ ದಿನವೇ ಹೊರಟು ಹೋಗುತ್ತದೆ.

ಐರ್ಲೆಂಡಿನ ನಾಕ್ ಅನ್ನುವ ಸಣ್ಣ ಹಳ್ಳಿಯ ಹತ್ತಿರ ಒಬ್ಬ ಪಾದ್ರಿ, ಜೇಮ್ಸ್ ಹೊರಾನ್, ಬೆಟ್ಟದ ಮೇಲೆ ವಿಮಾನ ನಿಲ್ದಾಣ ಮಾಡಿಸಲು ಹೊರಟಾಗ ಜನ ನಕ್ಕಿದ್ದರು. ಮಂಜು, ಜೌಗು ನೆಲ, ಅಲ್ಲಿಗೆ ಯಾರು ಬರುತ್ತಾರೆ ಅಂತ. 1986ರಲ್ಲಿ ಅದು ಅಧಿಕೃತವಾಗಿ ಶುರುವಾಯಿತು. ಈಗ ವರ್ಷಕ್ಕೆ 8 ಲಕ್ಷ ದಾಟಿದ ಪ್ರಯಾಣಿಕರಿದ್ದಾರೆ. ಆ ಭಾಗದಿಂದ ಬ್ರಿಟನ್ನಿಗೆ ದುಡಿಯಲು ಹೋದ ಕುಟುಂಬಗಳು ಜಾಸ್ತಿ, ಜೊತೆಗೆ ನಾಕ್ ಒಂದು ಯಾತ್ರಾ ಸ್ಥಳ. ಪ್ರಯಾಣಿಕರು ಮೊದಲೇ ಇದ್ದರು, ವಿಮಾನ ಮಾತ್ರ ಇರಲಿಲ್ಲ. ಕೊಚ್ಚಿಯದೂ ಹತ್ತಿರ ಹತ್ತಿರ ಇದೇ ಕಥೆ. ಗಲ್ಫ್‌ಗೆ ಓಡಾಡುವವರು ಆಗಲೇ ಇದ್ದರು, ಅನಿವಾಸಿಗಳೇ ದುಡ್ಡು ಹಾಕಿದರು, 1999ರಲ್ಲಿ ಹೊಸ ನಿಲ್ದಾಣ ಶುರುವಾಯಿತು.

ಇದರ ಉಲ್ಟಾ ನೋಡಬೇಕೆಂದರೆ ಸ್ಪೇನಿನ ಸಿಯುದಾದ್ ರಿಯಲ್. ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ, ದೊಡ್ಡ ಟರ್ಮಿನಲ್. 2008ರ ಕೊನೆಗೆ ತೆರೆದು 2012ರಲ್ಲಿ ಬಾಗಿಲು ಹಾಕಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಇದು ಅದೇ.

'ಅಂತಾರಾಷ್ಟ್ರೀಯ' ಅನ್ನುವುದು ಬೋರ್ಡ್ ಅಲ್ಲ

ಹೆಸರಿಗೆ ಆ ಪದ ಸೇರಿಸಿದರೆ ವಿದೇಶಿ ವಿಮಾನ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ತಿ ಹಕ್ಕು. ಆದ್ದರಿಂದ ಯಾವ ದೇಶದ ಕಂಪನಿ ಯಾವ ಊರಿಗೆ ವಾರಕ್ಕೆ ಎಷ್ಟು ಸಲ ಅಥವಾ ಎಷ್ಟು ಸೀಟು ಹಾರಿಸಬಹುದು ಅಂತ ಎರಡು ದೇಶಗಳು ಕೂತು ಬರೆದುಕೊಂಡಿರುತ್ತವೆ. ಎಲ್ಲವನ್ನೂ ಮುಕ್ತವಾಗಿ ಬಿಟ್ಟ ದೇಶಗಳಿವೆ. ಊರುಗಳ ಪಟ್ಟಿ ಮಾಡಿ ಇಟ್ಟುಕೊಂಡ ದೇಶಗಳೂ ಇವೆ. ಆ ಪಟ್ಟಿಯಲ್ಲಿ ನಿಮ್ಮ ಊರಿಲ್ಲದಿದ್ದರೆ, ಅಥವಾ ಸೀಟಿನ ಕೋಟಾ ಮುಗಿದಿದ್ದರೆ, ವಿದೇಶಿ ಕಂಪನಿ ಬರುತ್ತೇನೆ ಅಂದರೂ ಬರುವಂತಿಲ್ಲ. ಈ ಕಾಗದವನ್ನು ಮೊದಲ ವಾರವೇ ತರಿಸಿ ಓದಿ. ಇಲ್ಲಿ ಕಟ್ಟಿಕೊಂಡಿದ್ದರೆ ಸಿಮೆಂಟಿನಿಂದ ಅದನ್ನು ಬಿಡಿಸಲು ಆಗುವುದಿಲ್ಲ.

ಇನ್ನೊಂದು, ಕಸ್ಟಮ್ಸ್, ಇಮಿಗ್ರೇಷನ್, ಆರೋಗ್ಯ ತಪಾಸಣೆ. ಇವರು ಯಾರೂ ನಿಲ್ದಾಣದ ನೌಕರರಲ್ಲ, ಸರ್ಕಾರದವರು. ಅವರಿಗೆ ಜಾಗ ಕೊಟ್ಟರೆ ಸಾಲದು, ಜನರನ್ನೂ ಕೊಡಿಸಬೇಕು. ಚಿಕ್ಕ ಲೆಕ್ಕ ಹಾಕಿ ನೋಡಿ. 180 ಜನ ಇಳಿದರು, ಒಬ್ಬರಿಗೆ ಒಂದೂವರೆ ನಿಮಿಷ, ನಾಲ್ಕು ಕೌಂಟರ್. ಕೊನೆಯವರು ಹೊರಗೆ ಬರುವಾಗ ಒಂದು ಗಂಟೆ ಏಳು ನಿಮಿಷ. ಹದಿನಾರು ಕೌಂಟರ್ ಇರುವ ಹೊಸ ಹಾಲ್ ಕಟ್ಟಿ ಅದರಲ್ಲಿ ನಾಲ್ವರನ್ನು ಕೂರಿಸಿದರೆ ಅದೇ ಒಂದು ಗಂಟೆ ಏಳು ನಿಮಿಷ, ಕಾಯುವ ಜಾಗ ತಂಪಾಗಿರುತ್ತದೆ ಅಷ್ಟೇ.

ಯಾವ ವಿಮಾನಕ್ಕೆ ಅಂತ ಮೊದಲೇ ಹೇಳಿ

ವಿಸ್ತರಣೆಯ ಖರ್ಚನ್ನೆಲ್ಲ ನಿರ್ಧರಿಸುವುದು ಒಂದು ಅಕ್ಷರ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ವಿಮಾನಗಳನ್ನು ರೆಕ್ಕೆಯ ಅಗಲದ ಮೇಲೆ, ಅಂದರೆ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆಯ ಮೇಲೆ, ವಿಂಗಡಿಸುತ್ತದೆ. 24ರಿಂದ 36 ಮೀಟರ್ ಒಳಗಿನವು ಕೋಡ್ ಸಿ. ಏರ್‌ಬಸ್ ಎ320, ಬೋಯಿಂಗ್ 737, ಎಟಿಆರ್ 72 ಎಲ್ಲ ಇದರಲ್ಲೇ ಬರುತ್ತವೆ. 52ರಿಂದ 65 ಮೀಟರ್ ಒಳಗಿನವು ಕೋಡ್ ಇ, ಅಂದರೆ 787, 777, ಎ330ನಂಥ ದೊಡ್ಡವು. ಸಿ ಇದ್ದದ್ದನ್ನು ಇ ಮಾಡಿದರೆ ರನ್‌ವೇ ಒಂದೇ ಬದಲಾಗುವುದಿಲ್ಲ. ಟ್ಯಾಕ್ಸಿವೇ, ಅಂದರೆ ರನ್‌ವೇಗೆ ಹೋಗಿ ಬರಲು ವಿಮಾನ ನೆಲದ ಮೇಲೆ ಓಡಾಡುವ ದಾರಿ, ರನ್‌ವೇಯಿಂದ ಇನ್ನೂ ದೂರ ಹೋಗಬೇಕು, ತಿರುವುಗಳು ಅಗಲವಾಗಬೇಕು, ಪಾರ್ಕಿಂಗ್ ಬೇ ದೊಡ್ಡದಾಗಬೇಕು, ನೆಲದ ಗಟ್ಟಿತನ ಹೆಚ್ಚಬೇಕು. ಬೆಂಕಿ ನಂದಿಸುವ ದಳದ ದರ್ಜೆಯೂ ಏರಬೇಕು. ಎ320ಗೆ ದರ್ಜೆ 6 ಸಾಕು, 777ಗೆ 9 ಬೇಕು. ಅಂದರೆ ಜಾಸ್ತಿ ಫೈರ್ ಟೆಂಡರ್, ಜಾಸ್ತಿ ನೀರು, ಮೂರು ಪಾಳಿಯಲ್ಲೂ ಜಾಸ್ತಿ ಜನ. ವಾರಕ್ಕೆ ಎರಡು ದೊಡ್ಡ ವಿಮಾನ ಬರಲಿ ಅಂತ ಇಷ್ಟೆಲ್ಲ ಮಾಡುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಈಗಂತೂ ಆ ಆಸೆಗೆ ಕಾರಣವೂ ಕಡಿಮೆ. ಎ321ಎಕ್ಸ್‌ಎಲ್‌ಆರ್ ಅನ್ನುವ ವಿಮಾನ 2024ರ ನವೆಂಬರ್‌ನಲ್ಲಿ ಸೇವೆಗೆ ಬಂತು. ಸುಮಾರು 8,700 ಕಿಲೋಮೀಟರ್ ಹಾರುತ್ತದೆ, ರೆಕ್ಕೆ ಮಾತ್ರ 36 ಮೀಟರ್ ಒಳಗೆ. ದೂರದ ಊರಿಗೆ ಹೋಗಲು ಅಗಲ ವಿಮಾನವೇ ಬೇಕು ಅನ್ನುವ ಕಾಲ ಮುಗಿಯುತ್ತಿದೆ. ಅದರ ತೂಕ ಮಾತ್ರ ಎ320ಗಿಂತ ಜಾಸ್ತಿ, ಆದ್ದರಿಂದ ಅಗಲ ಬಿಟ್ಟು ಗಟ್ಟಿತನಕ್ಕೆ, ಉದ್ದಕ್ಕೆ ದುಡ್ಡು ಹಾಕಿ. ಗಟ್ಟಿತನ ಅಳೆಯುವ ಹಳೆಯ ಪಿಸಿಎನ್ ಪದ್ಧತಿ ಹೋಗಿ 2024ರ ನವೆಂಬರ್ 28ರಿಂದ ಪಿಸಿಆರ್ ಬಂದಿದೆ. ಹಳೇ ವರದಿಯ ಸಂಖ್ಯೆಯನ್ನು ಹೊಸದರ ಪಕ್ಕ ಇಟ್ಟು ಹೋಲಿಸಬೇಡಿ, ಎರಡರ ಅಳತೆಯೇ ಬೇರೆ.

ರನ್‌ವೇ: ಉದ್ದಕ್ಕಿಂತ ತುದಿ ಮುಖ್ಯ

ಉದ್ದ ಎಷ್ಟು ಬೇಕು ಅನ್ನುವುದಕ್ಕೆ ಕೊನೆಯ ಮಾತು ವಿಮಾನ ತಯಾರಕರ ಕೋಷ್ಟಕ. ಆದರೆ ಕೈಯಲ್ಲೇ ಒಂದು ಅಂದಾಜು ಮಾಡಬಹುದು. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಶಾಖದಲ್ಲಿ, ಸಮತಟ್ಟಾದ ನೆಲದಲ್ಲಿ ನಿಮ್ಮ ವಿಮಾನಕ್ಕೆ 2,000 ಮೀಟರ್ ಸಾಕು ಅಂತ ಇಟ್ಟುಕೊಳ್ಳಿ. ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7 ಸೇರಿಸಿ. ನಿಲ್ದಾಣ 300 ಮೀಟರ್ ಎತ್ತರದಲ್ಲಿದ್ದರೆ 2,140 ಆಯಿತು. ಆ ಎತ್ತರದ ಪ್ರಮಾಣಿತ ಶಾಖ ಸುಮಾರು 13 ಡಿಗ್ರಿ. ಬೇಸಿಗೆಯ ಅತಿ ಬಿಸಿ ತಿಂಗಳಿನ ಸರಾಸರಿ ಗರಿಷ್ಠ 33 ಡಿಗ್ರಿ ಇದ್ದರೆ ವ್ಯತ್ಯಾಸ 20. ಪ್ರತಿ ಡಿಗ್ರಿಗೆ ಶೇ 1 ಸೇರಿಸಿ, 2,568 ಆಯಿತು. ಇಳಿಜಾರು ಅರ್ಧ ಶೇಕಡಾ ಇದ್ದರೆ ಇನ್ನೊಂದು ಶೇ 5. ಸುಮಾರು 2,700 ಮೀಟರ್‌ಗೆ ಬಂದು ನಿಂತಿತು. ಬಿಸಿ ಗಾಳಿ ತೆಳ್ಳಗಿರುತ್ತದೆ, ಎಂಜಿನ್‌ಗೂ ರೆಕ್ಕೆಗೂ ಹಿಡಿತ ಸಿಗುವುದಿಲ್ಲ, ಅದಕ್ಕೇ ಇದೆಲ್ಲ. ಎತ್ತರ ಮತ್ತು ಶಾಖ ಎರಡೇ ಸೇರಿ ಶೇ 35 ದಾಟಿದರೆ ಈ ಅಂದಾಜು ನಂಬಬೇಡಿ, ಪ್ರತ್ಯೇಕ ಅಧ್ಯಯನವೇ ಬೇಕು.

ಈಗ ಬಹಳ ಜನ ಮರೆಯುವ ಭಾಗ. 2,700 ಮೀಟರ್ ರನ್‌ವೇಗೆ 2,700 ಮೀಟರ್ ಜಾಗ ಸಾಲುವುದಿಲ್ಲ. ಪ್ರತಿ ತುದಿಯಲ್ಲೂ 60 ಮೀಟರ್ ರನ್‌ವೇ ಸ್ಟ್ರಿಪ್ (ರನ್‌ವೇ ಸುತ್ತ ಖಾಲಿ ಬಿಡುವ ಪಟ್ಟಿ), ಅದರಾಚೆ ರೆಸಾ ಅನ್ನುವ ಸುರಕ್ಷತಾ ಜಾಗ ಬೇಕು. ಐಕಾವೊ ಪ್ರಕಾರ ರೆಸಾ ಕನಿಷ್ಠ 90 ಮೀಟರ್, ಈ ಗಾತ್ರದ ರನ್‌ವೇಗೆ ಶಿಫಾರಸು 240 ಮೀಟರ್. ಅಂದರೆ ಎರಡೂ ಕಡೆ ಮುನ್ನೂರು ಮುನ್ನೂರು ಮೀಟರ್ ಹೆಚ್ಚು. ಪಕ್ಕಕ್ಕೂ ಅಷ್ಟೇ, ಮಧ್ಯದ ಗೆರೆಯಿಂದ ಎರಡೂ ಬದಿಗೆ 140 ಮೀಟರ್ ಸ್ಟ್ರಿಪ್. ಮಂಜಿನಲ್ಲೂ ರೇಡಿಯೊ ಸಂಕೇತದಿಂದ ವಿಮಾನವನ್ನು ರನ್‌ವೇಗೆ ಇಳಿಸುವ ಐಎಲ್‌ಎಸ್ ವ್ಯವಸ್ಥೆ ಹಾಕಿದರೆ ಮುಂದಕ್ಕೆ 900 ಮೀಟರ್ ಉದ್ದಕ್ಕೂ ದಾರಿ ತೋರಿಸುವ ಅಪ್ರೋಚ್ ಲೈಟ್. 'ನಮ್ಮ ಹತ್ರ ಮೂರು ಕಿಲೋಮೀಟರ್ ಜಾಗ ಇದೆ, ಮೂರು ಕಿಲೋಮೀಟರ್ ರನ್‌ವೇ ಮಾಡೋಣ' ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಇದನ್ನು ಕಾಗದದ ನಿಯಮ ಅಂತ ಅಂದುಕೊಳ್ಳಬೇಡಿ. ಮಂಗಳೂರಿನಲ್ಲಿ 2010ರ ಮೇ 22ರಂದು, ಕೋಯಿಕ್ಕೋಡ್‌ನಲ್ಲಿ 2020ರ ಆಗಸ್ಟ್ 7ರಂದು ವಿಮಾನಗಳು ರನ್‌ವೇ ದಾಟಿ ಕೆಳಗೆ ಬಿದ್ದವು. ಮೊದಲನೆಯದರಲ್ಲಿ 158 ಜನ, ಎರಡನೆಯದರಲ್ಲಿ 21 ಜನ ಹೋದರು. ಎರಡೂ ಗುಡ್ಡದ ತಲೆ ಮೇಲಿನ ರನ್‌ವೇಗಳು. ಇಳಿಯುವಾಗಿನ ತಪ್ಪು ಏನೇ ಇರಲಿ, ತಪ್ಪನ್ನು ತಾಳಿಕೊಳ್ಳುವಷ್ಟು ಜಾಗ ತುದಿಯಲ್ಲಿ ಇರಲಿಲ್ಲ.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ನಡೆದದ್ದು ಇನ್ನೂ ಹತ್ತಿರದ ಪಾಠ, ಯಾಕೆಂದರೆ ಅದೂ ಒಂದು ಪ್ರಾದೇಶಿಕ ನಿಲ್ದಾಣವೇ, ಆಗ ಅಲ್ಲಿ ರನ್‌ವೇ ಉದ್ದ ಮಾಡುವ ಕೆಲಸವೂ ನಡೆದಿತ್ತು. ಹಕ್ಕಿ ಬಡಿದು, ಚಕ್ರ ಇಳಿಯದೆ, ಹೊಟ್ಟೆಯ ಮೇಲೆ ಜಾರಿಕೊಂಡು ಬಂದ ವಿಮಾನ ರನ್‌ವೇ ತುದಿಯಿಂದ ಸುಮಾರು 250 ಮೀಟರ್ ಆಚೆ ಇದ್ದ ಮಣ್ಣಿನ ದಿಬ್ಬಕ್ಕೆ ಗುದ್ದಿತು. ಆ ದಿಬ್ಬದೊಳಗೆ ಕಾಂಕ್ರೀಟ್ ಇತ್ತು, ಅದರ ಮೇಲೆ ರನ್‌ವೇಯ ಮಧ್ಯದ ಗೆರೆ ತೋರಿಸುವ ಐಎಲ್‌ಎಸ್‌ನ ಲೋಕಲೈಜರ್ ಆಂಟೆನಾ ಇತ್ತು. 181 ಜನರಲ್ಲಿ ಉಳಿದವರು ಇಬ್ಬರೇ. ರನ್‌ವೇ ಆಚೆ ಅನಿವಾರ್ಯವಾಗಿ ಇಡಲೇಬೇಕಾದ ಪ್ರತಿಯೊಂದು ವಸ್ತುವೂ ತಾಗಿದ ಕೂಡಲೇ ಮುರಿದು ಬೀಳುವಂತಿರಬೇಕು. ನಿಮ್ಮ ಸಮೀಕ್ಷೆಯ ಮೊದಲ ದಿನ ಎರಡೂ ತುದಿಗೆ ನಡೆದುಕೊಂಡು ಹೋಗಿ. ದೀಪದ ಕಂಬ, ಆಂಟೆನಾ, ಚರಂಡಿ, ಕಾಂಪೌಂಡ್ ಗೋಡೆ, ಒಂದೊಂದನ್ನೂ ಮುಟ್ಟಿ ನೋಡಿ ಪಟ್ಟಿ ಮಾಡಿ. ನಕ್ಷೆಯಲ್ಲಿ ದಿಬ್ಬ ಬರೀ ಒಂದು ಚುಕ್ಕಿ.

ಜಾಗವೇ ಇಲ್ಲದಿದ್ದರೆ? ದಾರಿಗಳಿವೆ, ಯಾವುದೂ ಅಗ್ಗವಲ್ಲ. ಪೋರ್ಚುಗಲ್‌ನ ಮದೀರಾ ದ್ವೀಪದಲ್ಲಿ ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ. 1977ರ ಅಪಘಾತದಲ್ಲಿ 131 ಜನ ಹೋದ ಮೇಲೆ ಅಲ್ಲಿ ರನ್‌ವೇ ಎರಡು ಹಂತದಲ್ಲಿ ಬೆಳೆಯಿತು. 2000ದಲ್ಲಿ 180 ಕಂಬಗಳ ಮೇಲೆ ಸೇತುವೆಯಂತೆ ಹರಡಿ 2,781 ಮೀಟರ್ ಆಯಿತು. ಸಮುದ್ರಕ್ಕೆ ಮಣ್ಣು ತುಂಬಿ 1994ರಲ್ಲಿ ತೆರೆದ ಜಪಾನಿನ ಕಾನ್ಸಾಯ್ ಇವತ್ತಿಗೂ ಕುಸಿಯುತ್ತಲೇ ಇದೆ, ಅಲ್ಲಿ ಟರ್ಮಿನಲ್ ಕಂಬಗಳ ಕೆಳಗೆ ಜಾಕ್ ಇಟ್ಟು ಎತ್ತುತ್ತಾರೆ. ತುದಿಯಲ್ಲಿ ಇಮಾಸ್ ಹಾಕುವುದು ಇನ್ನೊಂದು ದಾರಿ. ಅದು ಚಕ್ರದಡಿ ಪುಡಿಯಾಗುವ ಹಗುರ ಸಿಮೆಂಟ್ ಹಾಸು, ವಿಮಾನವನ್ನು ಹೂತು ನಿಲ್ಲಿಸುತ್ತದೆ, ಕಡಿಮೆ ಜಾಗ ಸಾಕು. ಕೊನೆಯ ದಾರಿ ಯಾರಿಗೂ ಇಷ್ಟವಾಗದ್ದು: ಇರುವ ರನ್‌ವೇಯ ತುದಿಯನ್ನೇ ರೆಸಾ ಅಂತ ಘೋಷಿಸಿ, ಬಳಸುವ ಉದ್ದವನ್ನು ಕಡಿಮೆ ಮಾಡುವುದು. ಹಾಸಿಗೆ ಇದ್ದಷ್ಟೇ ಕಾಲು ಚಾಚುವುದು. ಎಷ್ಟೋ ಕಡೆ ಇದೇ ಸರಿಯಾದ ಉತ್ತರ.

ಆಕಾಶದಲ್ಲೂ ಜಾಗ ಕಾಯ್ದುಕೊಳ್ಳಬೇಕು. ದೊಡ್ಡ ರನ್‌ವೇಗೆ ಐಎಲ್‌ಎಸ್ ಇದ್ದರೆ, ವಿಮಾನ ಇಳಿಯುವ ದಾರಿಯ ಕೆಳಗೆ ಶೇ 2ರ ಇಳಿಜಾರು ಖಾಲಿ ಇರಬೇಕು. ಒಂದು ಕಿಲೋಮೀಟರ್ ದೂರಕ್ಕೆ ಬರೀ 20 ಮೀಟರ್ ಎತ್ತರ. ಆರೇಳು ಮಹಡಿಯ ಒಂದು ಕಟ್ಟಡ ಸಾಕು ನಿಮ್ಮ ಇಡೀ ವಿಸ್ತರಣೆಯನ್ನು ತಿಂದುಹಾಕಲು. ವಿಸ್ತರಿಸಿದ ರನ್‌ವೇಯ ಲೆಕ್ಕದಲ್ಲಿ ಎತ್ತರದ ನಕ್ಷೆಯನ್ನು ಇವತ್ತೇ ಮಾಡಿಸಿ, ಕಟ್ಟಡ ಪರವಾನಗಿ ಕೊಡುವವರ ಕೈಗೆ ಕೊಡಿ. ಕಾಮಗಾರಿ ಹತ್ತು ವರ್ಷ ಆಮೇಲೆ ಆದರೂ ಪರವಾಗಿಲ್ಲ.

ಎರಡನೇ ರನ್‌ವೇ ಬೇಡ, ಟ್ಯಾಕ್ಸಿವೇ ಬೇಕು

ಲಂಡನ್ನಿನ ಗ್ಯಾಟ್‌ವಿಕ್ 2019ರಲ್ಲಿ 4 ಕೋಟಿ 60 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರನ್ನು ಒಂದು ಸಲಕ್ಕೆ ಒಂದೇ ರನ್‌ವೇ ಬಳಸಿ ನಿಭಾಯಿಸಿತು. ಗಂಟೆಗೆ 55 ವಿಮಾನ. ಹಾಗಿದ್ದಾಗ 20 ಲಕ್ಷ ಪ್ರಯಾಣಿಕರ ನಿಲ್ದಾಣಕ್ಕೆ ಎರಡನೇ ರನ್‌ವೇ ಯಾಕೆ? ಸಣ್ಣ ನಿಲ್ದಾಣಗಳಲ್ಲಿ ಕಟ್ಟಿಕೊಳ್ಳುವುದು ಬೇರೆ ಕಡೆ. ಸಮಾನಾಂತರ ಟ್ಯಾಕ್ಸಿವೇ ಇರುವುದಿಲ್ಲ. ಇಳಿದ ವಿಮಾನ ತುದಿಗೆ ಹೋಗಿ, ತಿರುಗಿ, ಅದೇ ರನ್‌ವೇ ಮೇಲೆ ನಿಧಾನವಾಗಿ ವಾಪಸ್ ಬರಬೇಕು. ಅಷ್ಟು ಹೊತ್ತು ಇನ್ನೊಂದು ವಿಮಾನ ಮೇಲೆ ಸುತ್ತುತ್ತಿರುತ್ತದೆ. ಪೂರ್ತಿ ಉದ್ದಕ್ಕೆ ದುಡ್ಡಿಲ್ಲದಿದ್ದರೆ ವಿಮಾನ ನಿಲ್ಲಿಸುವ ಅಂಗಳದಿಂದ, ಅಂದರೆ ಏಪ್ರನ್‌ನಿಂದ, ಹೆಚ್ಚು ಬಳಕೆಯ ತುದಿಯವರೆಗಾದರೂ ಮಾಡಿ.

ಪಾರ್ಕಿಂಗ್ ಬೇ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಚೌಕಳಿ ಹಾಳೆ ಸಾಕು. ಅಡ್ಡಕ್ಕೆ ದಿನದ ಗಂಟೆಗಳು, ಕೆಳಕ್ಕೆ ಬೇಗಳು, ಪ್ರತಿ ವಿಮಾನ ಬರುವ ಹೋಗುವ ಹೊತ್ತಿಗೆ ಒಂದು ಪಟ್ಟಿ ಎಳೆಯಿರಿ. ತಡವಾಗಿ ಬರುವ ವಿಮಾನಕ್ಕೆ ಅರ್ಧ ಗಂಟೆ ಬಿಡಿ. ಸಾಮಾನ್ಯವಾಗಿ ಕಾಣುವುದು ಏನೆಂದರೆ ದಿನವಿಡೀ ಬೇಗಳು ಖಾಲಿ, ಬೆಳಿಗ್ಗೆ ಒಂದು ಗಂಟೆ ಮಾತ್ರ ನೂಕುನುಗ್ಗಲು. ಹಾಗಿದ್ದರೆ ಎರಡು ವಿಮಾನಗಳ ವೇಳೆ ಬದಲಿಸಲು ಕಂಪನಿಗಳ ಜೊತೆ ಮಾತಾಡಿ, ಬೇರೆ ಹೊತ್ತಿಗೆ ಬಂದರೆ ಶುಲ್ಕ ಇಳಿಸಿ. ಒಂದು ಚೀಲ ಸಿಮೆಂಟ್ ಖರ್ಚಿಲ್ಲದ ವಿಸ್ತರಣೆ ಇದು.

ಸರಿ, ಈಗ ಟರ್ಮಿನಲ್

ವರ್ಷದ ಒಟ್ಟು ಪ್ರಯಾಣಿಕರನ್ನು ನೋಡಿ ಕಟ್ಟಡ ಅಳೆಯಬೇಡಿ, ದಟ್ಟಣೆಯ ಗಂಟೆ ನೋಡಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬಳಸುತ್ತಾ ಬಂದಿರುವ ಒಂದು ಅಂದಾಜಿದೆ. ವರ್ಷಕ್ಕೆ 5ರಿಂದ 10 ಲಕ್ಷ ಇದ್ದರೆ ಅದರ ಶೇ 0.08, 10 ಲಕ್ಷದಿಂದ ಒಂದು ಕೋಟಿ ಇದ್ದರೆ ಶೇ 0.05. ಅಂದರೆ 7 ಲಕ್ಷದ ನಿಲ್ದಾಣದಲ್ಲಿ ದಟ್ಟಣೆಯ ಗಂಟೆಗೆ 560 ಜನ, 20 ಲಕ್ಷದ್ದರಲ್ಲಿ ಸಾವಿರ ಜನ. ಪ್ರಯಾಣಿಕರು ಹತ್ತಿರಹತ್ತಿರ ಮೂರು ಪಟ್ಟಾದರೂ ನೂಕುನುಗ್ಗಲು ಎರಡು ಪಟ್ಟೂ ಆಗಲಿಲ್ಲ ನೋಡಿ. ಹಾಗಾಗಿ ಮೂರು ಪಟ್ಟು ಕಟ್ಟಡ ಬೇಡ.

ಪೆಟ್ಟಿಗೆ ಥರ ಸರಳವಾಗಿ ಕಟ್ಟಿ, ಒಂದು ಬದಿಯ ಗೋಡೆ ಮುಂದೆ ಒಡೆದು ಬೆಳೆಸುವಂತಿರಲಿ. ದೇಶೀಯ ಮತ್ತು ಅಂತಾರಾಷ್ಟ್ರೀಯ ಗೇಟ್‌ಗಳನ್ನು ಪೂರ್ತಿ ಬೇರೆ ಮಾಡಬೇಡಿ. ಬೀಗ ಬದಲಿಸಿದರೆ ಆ ಕಡೆಗೂ ಈ ಕಡೆಗೂ ಸೇರುವ ಗೇಟ್ ಎರಡಾದರೂ ಇಡಿ. ಬೆಳಿಗ್ಗೆ ದೇಶೀಯ ವಿಮಾನ, ರಾತ್ರಿ ವಿದೇಶದ್ದು, ಎರಡೂ ಒಂದೇ ಕುರ್ಚಿ ಬಳಸುತ್ತವೆ. ಅಗ್ನಿ ಸುರಕ್ಷತೆಯ ವಿನ್ಯಾಸವನ್ನು ಮಾತ್ರ ಶುರುವಿನಲ್ಲೇ ಮುಗಿಸಿ, ಆಮೇಲೆ ಕಟ್ಟಡ ಬದಲಿಸಬೇಡಿ. ಬರ್ಲಿನ್‌ನ ಹೊಸ ನಿಲ್ದಾಣ 2012ರ ಜೂನ್‌ನಲ್ಲಿ ತೆರೆಯಬೇಕಿತ್ತು. ಹೊಗೆ ಹೊರಹಾಕುವ ವ್ಯವಸ್ಥೆ ಕೈಕೊಟ್ಟಿತು. ತೆರೆದದ್ದು 2020ರ ಅಕ್ಟೋಬರ್ 31ಕ್ಕೆ.

ಜಮೀನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಕೆಲಸ ಮಾತ್ರ ದೊಡ್ಡದು. ಜಪಾನಿನ ಟೋಕಿಯೊ ಹತ್ತಿರದ ನರಿಟಾದಲ್ಲಿ ರೈತರು ಜಮೀನು ಬಿಡಲಿಲ್ಲ. 1978ರಲ್ಲಿ ಶುರುವಾದ ನಿಲ್ದಾಣಕ್ಕೆ ಎರಡನೇ ರನ್‌ವೇ ಸಿಕ್ಕಿದ್ದು 2002ರಲ್ಲಿ, ಅದೂ ಬರೀ 2,180 ಮೀಟರ್. ಪೊಲೀಸರನ್ನು ಮುಂದಿಟ್ಟುಕೊಂಡು ಹೋದರೆ ಬೇಗ ಆಗುತ್ತದೆ ಅನ್ನುವವರಿಗೆ ಈ ಇಪ್ಪತ್ನಾಲ್ಕು ವರ್ಷ ತೋರಿಸಿ. ಬೆಲೆ ಎಷ್ಟು, ಬದಲಿ ಜಾಗ ಎಲ್ಲಿ, ರಾತ್ರಿ ಎಷ್ಟು ಹೊತ್ತಿನವರೆಗೆ ಸದ್ದು, ಈ ಮೂರನ್ನೂ ಸರ್ವೆ ಕಲ್ಲು ನೆಡುವ ಮುಂಚೆ ಬರವಣಿಗೆಯಲ್ಲಿ ಕೊಡಿ.

ವಿಮಾನ ಹಾರುತ್ತಲೇ ಇರುವಾಗ ಕೆಲಸ

ನಿಲ್ದಾಣ ಮುಚ್ಚಿ ಕೆಲಸ ಮಾಡುವ ಭಾಗ್ಯ ಯಾರಿಗೂ ಸಿಗುವುದಿಲ್ಲ. ರನ್‌ವೇ ಮೇಲಿನ ಕೆಲಸ ರಾತ್ರಿಯ ಆರೇಳು ಗಂಟೆಯಲ್ಲಿ. ಬೆಳಗಿನ ಮೊದಲ ವಿಮಾನಕ್ಕೆ ಒಂದು ಗಂಟೆ ಮುಂಚೆ ಯಂತ್ರಗಳೆಲ್ಲ ಆಚೆ, ಹೊಸ ಡಾಂಬರಿನ ಅಂಚು ಇಳಿಜಾರಾಗಿ ಮುಗಿದಿರಬೇಕು, ಒಂದು ಬೋಲ್ಟ್, ಒಂದು ಕಲ್ಲು ಉಳಿದಿರಬಾರದು. ಗುತ್ತಿಗೆಯಲ್ಲೇ ಬರೆಯಿರಿ: ತಡವಾದರೆ ನಿಮಿಷಕ್ಕೆ ದಂಡ ಅಂತ. ಹೊಸ ಉದ್ದ, ಹೊಸ ದೀಪ, ಹೊಸ ಟ್ಯಾಕ್ಸಿವೇ ಹೆಸರು ಇವೆಲ್ಲ ಜಗತ್ತಿನ ಪೈಲಟ್‌ಗಳಿಗೆ ತಲುಪುವುದು 28 ದಿನಕ್ಕೊಮ್ಮೆ ಬದಲಾಗುವ ಐರಾಕ್ ಪ್ರಕಟಣೆಯಲ್ಲಿ. ಜಾರಿಗೆ ಬರುವ ಕನಿಷ್ಠ 28 ದಿನ ಮುಂಚೆ ಅದು ಅವರ ಕೈಯಲ್ಲಿರಬೇಕು. ಮಂತ್ರಿಗಳ ಉದ್ಘಾಟನೆಯ ದಿನವನ್ನು ಈ ಕ್ಯಾಲೆಂಡರ್ ನೋಡಿ ಗೊತ್ತು ಮಾಡಿ. ಉಲ್ಟಾ ಮಾಡಿದರೆ ರಿಬ್ಬನ್ ಕತ್ತರಿಸಿದ ರನ್‌ವೇ ವಾರಗಟ್ಟಲೆ ಖಾಲಿ ಬಿದ್ದಿರುತ್ತದೆ.

ತೆರೆಯುವ ಮುಂಚೆ ನಿಜವಾದ ಜನ, ನಿಜವಾದ ಸೂಟ್‌ಕೇಸ್ ಇಟ್ಟುಕೊಂಡು ಪೂರ್ತಿ ತಾಲೀಮು ಮಾಡಿ. ಒಂದು ಸಲ ಅಲ್ಲ, ನಾಲ್ಕೈದು ಸಲ, ಒಂದು ಸಲವಾದರೂ ಕರೆಂಟ್ ತೆಗೆದು. ಲಂಡನ್ನಿನ ಹೀಥ್ರೋ ನಿಲ್ದಾಣದ ಐದನೇ ಟರ್ಮಿನಲ್ 2008ರ ಮಾರ್ಚ್ 27ರಂದು ತೆರೆದಾಗ ಕಟ್ಟಡಕ್ಕೆ ಏನೂ ಆಗಿರಲಿಲ್ಲ. ನೌಕರರಿಗೆ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಅಂತ ಗೊತ್ತಿರಲಿಲ್ಲ, ಬ್ಯಾಗೇಜ್ ವ್ಯವಸ್ಥೆ ಕೆಟ್ಟಿತು, ಮುಂದಿನ ದಿನಗಳಲ್ಲಿ ನೂರಾರು ವಿಮಾನ ರದ್ದಾದವು, ಸಾವಿರಾರು ಬ್ಯಾಗು ಉಳಿದುಹೋದವು. ತಾಲೀಮಿಗೆ ಬಂದವರಲ್ಲಿ ವಯಸ್ಸಾದವರು, ಗಾಲಿಕುರ್ಚಿಯವರು, ಚಿಕ್ಕ ಮಕ್ಕಳನ್ನು ಎತ್ತಿಕೊಂಡವರು ಇರಲಿ. ಮೊದಲ ದಿನ ಎಲ್ಲ ವಿಮಾನ ಹೊಸ ಕಡೆಗೆ ತಿರುಗಿಸಬೇಡಿ, ಎರಡು ಮೂರು ಸಾಕು. ಹಳೇ ಟರ್ಮಿನಲ್‌ನ ಬ್ಯಾಗೇಜ್ ಬೆಲ್ಟನ್ನು ಕನಿಷ್ಠ ಒಂದು ತಿಂಗಳು ಬಿಚ್ಚಬೇಡಿ, ದಿನಾ ಬೆಳಿಗ್ಗೆ ಐದು ನಿಮಿಷ ಓಡಿಸಿ ನೋಡುತ್ತಿರಿ.